ಸರ್ಕಾರ ಬಿದ್ದಾಗೆಲ್ಲ ವಿದೇಶಿ ಕೈವಾಡವೇ?

ಯಾವುದೋ ದೇಶದಲ್ಲಿ ಜನ ಬೀದಿಗಿಳಿದು ಸರ್ಕಾರ ಬಿದ್ದರೆ ಸಾಕು, ರಾಯಚೂರು, ಸಿಂಧನೂರಿನ ವಾಟ್ಸಾಪ್ ಗುಂಪುಗಳಿಗೂ ಒಂದು ಸಂದೇಶ ಬರುತ್ತದೆ: ಎಲ್ಲಾ ಹೊರದೇಶದವರು ದುಡ್ಡು ಕೊಟ್ಟು ಮಾಡಿಸಿದ್ದು.

ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1953ರಲ್ಲಿ ಇರಾನಿನ ಸರ್ಕಾರ ಬೀಳಿಸಿದ್ದರಲ್ಲಿ ಅಮೆರಿಕ, ಬ್ರಿಟನ್ ಬೇಹುಗಾರರ ಪಾತ್ರವಿತ್ತು. ಅಮೆರಿಕದ ದಾಖಲೆಗಳೇ ಅದನ್ನು ಹೇಳುತ್ತವೆ. ಆದರೆ ಅಲ್ಲಿ ನಡೆದದ್ದು ಎಲ್ಲ ಕಡೆಗೂ ಪುರಾವೆ ಆಗುವುದಿಲ್ಲ.

2022ರಲ್ಲಿ ಜನ ಬೀದಿಗಿಳಿದು ಸರ್ಕಾರ ಬಿದ್ದ ಶ್ರೀಲಂಕಾ ನೋಡಿ. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ದಿಢೀರನೆ ನಿಂತು ಭತ್ತದ ಇಳುವರಿ ಕುಸಿಯಿತು. ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? 2022ಕ್ಕೆ ಹೊರಗಿನಿಂದ ಸಾಮಾನು ತರಿಸಲು ಬೇಕಾದ ವಿದೇಶಿ ವಿನಿಮಯವೂ (ಡಾಲರ್‌ನಂಥ ಹಣ) ಬರಿದಾಯಿತು. ಪೆಟ್ರೋಲ್, ಅಡುಗೆ ಗ್ಯಾಸ್, ಔಷಧಿ ಸಿಗಲಿಲ್ಲ. ತಾಸುಗಟ್ಟಲೆ ಕರೆಂಟ್ ಇಲ್ಲ. ಜನರಿಗೆ ಸಿಟ್ಟು ಬರಲು ಹೊರಗಿನವರು ಹೇಳಿಕೊಡಬೇಕಿರಲಿಲ್ಲ. ಇಂಥ ಗಲಾಟೆಯಿಂದ ಬೇರೆ ದೇಶಕ್ಕೆ ಲಾಭ ಆಗಬಹುದು, ನಿಜ. ಲಾಭ ಆಯಿತು ಎಂದರೆ ಅವರೇ ಹುಟ್ಟುಹಾಕಿದರು ಎಂದಾಗುವುದಿಲ್ಲ.

ಸಂದೇಶ ಬಂದಾಗ ದೇಶದ ಹೆಸರು ಬದಲಿಸಿ ಓದಿ. ಆಗಲೂ ಹಾಗೇ ಹೊಂದಿಕೊಂಡರೆ ಅದರಲ್ಲಿ ಮಾಹಿತಿಯೇ ಇಲ್ಲ. ದುಡ್ಡು ಯಾರಿಂದ ಯಾರಿಗೆ, ಯಾವಾಗ ಹೋಯಿತು, ದಾಖಲೆ ಎಲ್ಲಿದೆ ಅಂತ ಹುಡುಕಿ. ಕಳಿಸಿದವರನ್ನೇ ಕೇಳಬಹುದು, ಜಗಳವಾಡದೆ. ಅವರಿಗೂ ಅದು ಇನ್ಯಾರಿಂದಲೋ ಬಂದಿರುತ್ತದೆ. ಫೋಟೊ ಇದ್ದರೆ, ಅದೇ ಫೋಟೊ ಬೇರೆಲ್ಲಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಎಷ್ಟೋ ಸಲ ಅದು ಬೇರೆ ದೇಶದ, ಹಳೇ ಫೋಟೊ ಆಗಿರುತ್ತದೆ.