ಟ್ಯಾಂಕಿಯ ಕಿರೀಟ

ಉಡುಪಿಯ ನಮ್ಮ ಮನೆಯಲ್ಲಿ ಟ್ಯಾಂಕಿ ತುಂಬಿತೆಂದು ಸಾರುವುದು ಬಸಳೆ ಚಪ್ಪರ. ಮೇಲಿನಿಂದ ನೀರು ಉಕ್ಕಿ ಎಲೆಗಳ ಮೇಲೆ ಪಟಪಟ ಬಿದ್ದರೆ ಅಮ್ಮ ನೀರುದೋಸೆಯನ್ನು ಕಾವಲಿಯಲ್ಲೇ ಬಿಟ್ಟು ಪಂಪ್ ಬಂದ್ ಮಾಡಲು ಓಡುತ್ತಾರೆ. ಬಾವಿಯ ತಳ ಕಾಣುವ ಮೇ ತಿಂಗಳಲ್ಲಿ ಹೀಗೆ ನೀರು ಪೋಲಾಗುವುದನ್ನು ನೋಡಲಾರದೆ, ಒಂದು ಭಾನುವಾರ ನಾನು ಘೋಷಿಸಿದೆ: "ಇನ್ನು ಯಂತ್ರವೇ ತಿಳಿಸುತ್ತದೆ."

"ಎಷ್ಟಾಗುತ್ತದೆ?" ಎಂದರು ಅಮ್ಮ.

"ಐನೂರೈವತ್ತು."

ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಅದನ್ನು ಬರೆದುಕೊಂಡರು. ನಾನು ಅಲ್ಲೇ ತಡೆಯಬೇಕಿತ್ತು.

ಮೊದಲು ಬಂದದ್ದು ಆರ್ಡುಯಿನೋ ಊನೋ, ನಾವು ಬರೆದುಕೊಟ್ಟ ಆದೇಶದಂತೆ ನಡೆಯುವ ಪುಟ್ಟ ಕಂಪ್ಯೂಟರ್ ಬೋರ್ಡ್. ಅಸಲಿಗೆ ಕೈ ಬರದೆ ನಕಲನ್ನೇ ತರಿಸಿದೆ. ಅದರ ವಿನ್ಯಾಸವೇ ಮುಕ್ತವಾದ್ದರಿಂದ ಅದು ಕಳ್ಳಮಾಲೇನೂ ಅಲ್ಲ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ಹುಟ್ಟಿದ ಆರ್ಡುಯಿನೋಗೆ ಅಲ್ಲಿನ ಬಾರೊಂದರ ಹೆಸರಿಟ್ಟರು ಎಂದು ಉತ್ಸಾಹದಿಂದ ವಿವರಿಸಿದೆ. ಅಮ್ಮ ಅದನ್ನು ದೇವರ ಕೋಣೆಯ ಪಕ್ಕದ ಮೇಜಿನಿಂದ ಎತ್ತಿಸಿದರು.

ಊನೋಗೆ ಆದೇಶ ಬರೆಯಲು ಸಿ++ ಭಾಷೆ ಬೇಕು. ಸಾಲಿನ ಕೊನೆಗೆ ಅರ್ಧವಿರಾಮ ಮರೆತರೆ ತಪ್ಪು ಈ ಸಾಲಿನದು, ಬೈಗುಳ ಹೆಚ್ಚಾಗಿ ಮುಂದಿನ ಸಾಲಿಗೆ. ನಮ್ಮ ಶಾಲೆಯಲ್ಲೂ ಹಿಂದಿನ ಬೆಂಚಿನವನು ಮಾತಾಡಿದರೆ ಪೆಟ್ಟು ನನಗೇ ಬೀಳುತ್ತಿತ್ತು. ಆದರೆ ಮೊದಲ ಎರಡು ರಾತ್ರಿ ಅಲ್ಲಿಯವರೆಗೂ ಹೋಗಲಿಲ್ಲ. ಕಂಪ್ಯೂಟರ್ ಬೋರ್ಡನ್ನು ಗುರುತಿಸಲೇ ಇಲ್ಲ. ಡ್ರೈವರ್ ತಂತ್ರಾಂಶವನ್ನು ನಾಲ್ಕು ಸಲ ಹಾಕಿ ತೆಗೆದೆ. ಕೊನೆಗೆ ಎಂಜಿನಿಯರಿಂಗ್ ಓದುತ್ತಿರುವ ಅಳಿಯ ಬಂದು, "ಮಾವ, ಈ ಕೇಬಲ್ ಚಾರ್ಜ್ ಮಾಡಲು ಮಾತ್ರ, ಮಾಹಿತಿಯ ತಂತಿಯೇ ಇದರೊಳಗಿಲ್ಲ" ಎಂದ. ಹೊಸ ಕೇಬಲ್ಲಿಗೆ 150. ಅಮ್ಮ ಬರೆದುಕೊಂಡರು.

ಊನೋದ ಕೆಲಸದ ನೆನಪು (ರ್‍ಯಾಮ್) ಬರೀ ಎರಡು ಕಿಲೋಬೈಟ್. ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ ಮೂರು ಬೈಟ್ ನುಂಗುತ್ತದೆ. "ಟ್ಯಾಂಕಿ ತುಂಬಿತು" ಎನ್ನುವುದಕ್ಕೇ 43 ಬೈಟ್. ಲೆಕ್ಕ ಹಾಕಿ ನೋಡಿದ್ದೇನೆ. ಅದಿರಲಿ, ತಂದ ಎರಡು ಸಾಲಿನ ಪುಟ್ಟ ಪರದೆಗೆ ಕನ್ನಡವೇ ಬಾರದು. ನಾವೇ ಚುಕ್ಕೆಯಿಟ್ಟು ಎಂಟು ಅಕ್ಷರಗಳನ್ನು ಕೆತ್ತಿಕೊಳ್ಳಬಹುದಂತೆ. ಎಂಟರಲ್ಲಿ ಯಾವ ಕನ್ನಡ?

ಮೊಬೈಲಿಗೆ ಸಂದೇಶ ಬರಲಿ ಎಂದು ಇನ್ನೊಂದು ಬೋರ್ಡ್, ಇಎಸ್‌ಪಿ32 ತರಿಸಿದೆ. ಊನೋದ 16 ಮೆಗಾಹರ್ಟ್ಸ್ ಎದುರು ಇದು 240, ಎರಡು ತಿರುಳು (ಕೋರ್), ವೈಫೈ, ಬ್ಲೂಟೂತ್. ಬೆಲೆಯೋ ನಕಲಿ ಊನೋಗಿಂತ ನೂರು ರೂಪಾಯಿ ಕಡಿಮೆ. ಆದರೆ ಊನೋ ಐದು ವೋಲ್ಟಿನ ಪ್ರಾಣಿ, ಇದು 3.3 ವೋಲ್ಟಿನದು. ಕಿವಿಗೆ ಕೇಳದ ಸದ್ದು ಬಿಟ್ಟು ಅದರ ಪ್ರತಿಧ್ವನಿಯಿಂದ ನೀರಿನ ಮಟ್ಟ ಅಳೆಯುವ ಶ್ರವಣಾತೀತ ಸಂವೇದಕ ತನ್ನ ಉತ್ತರವನ್ನು ಐದು ವೋಲ್ಟಿನಲ್ಲಿ ಕೂಗುತ್ತದೆ. ನಡುವೆ ವೋಲ್ಟ್ ತಗ್ಗಿಸುವ ಎರಡು ರೆಸಿಸ್ಟರ್ ಹಾಕಿದ್ದರೆ ಸಾಕಿತ್ತು, ಎರಡೂ ಸೇರಿ ಒಂದು ಚಹಾದ ಬೆಲೆಯೂ ಆಗದು. ಹಾಕಲಿಲ್ಲ. ಮೂರನೆಯ ದಿನದಿಂದ ಸಂವೇದಕದ ತಂತಿ ಚುಚ್ಚಿದ್ದ ಬೋರ್ಡಿನ ಕಾಲು (ಪಿನ್) ಮಾತಾಡಲಿಲ್ಲ. ನಾನು ಗಾಬರಿಯಲ್ಲಿ ಇನ್ನೊಂದು ತಂತಿಯನ್ನೂ ತಪ್ಪಾಗಿ ಚುಚ್ಚಿದ ಮೇಲೆ ಬೋರ್ಡೇ ಮಾತಾಡಲಿಲ್ಲ.

"ಪೈಕೋ ಡಬ್ಲ್ಯೂ ತೆಗೆದುಕೊಳ್ಳಿ ಮಾವ, ಮೈಕ್ರೋಪೈಥಾನ್ ಸುಲಭ" ಎಂದ ಅಳಿಯ. ರಾಸ್ಪ್‌ಬೆರಿ ಪೈನವರು 2022ರಲ್ಲಿ ಆರು ಡಾಲರಿಗೆ ಬಿಟ್ಟ ಬೋರ್ಡ್ ಅದು. ನನ್ನ ಕೈ ಸೇರುವಾಗ 650 ರೂಪಾಯಿ. ಮೈಕ್ರೋಪೈಥಾನ್ ಭಾಷೆ ನಿಜಕ್ಕೂ ಹಿತವಾಗಿದೆ. ಅರ್ಧವಿರಾಮದ ಹಂಗಿಲ್ಲ, ಆದರೆ ಸಾಲಿನ ಆರಂಭದ ಖಾಲಿ ಜಾಗ ಒಂದಿಷ್ಟು ಅತ್ತಿತ್ತಾದರೂ ಒಪ್ಪುವುದಿಲ್ಲ. ಬಾಳೆಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ತಂತಮ್ಮ ಜಾಗದಲ್ಲೇ ಕೂರಬೇಕೆನ್ನುವ ಊರಿನವನಾದ ನನಗೆ ಅದು ತಕ್ಷಣ ಅರ್ಥವಾಯಿತು. ಇದೇ ಮೈಕ್ರೋಪೈಥಾನ್ ಇಎಸ್‌ಪಿ32ರಲ್ಲೂ ಓಡುತ್ತದೆಂದು ತಿಳಿದದ್ದು ಅದು ಸತ್ತ ಮೇಲೆ.

ಪೈಕೋ ಕಾಲಿಲ್ಲದೆ ಬಂದಿತ್ತು. ನಲವತ್ತು ಕಾಲುಗಳನ್ನು ನಾವೇ ಬೆಸುಗೆ ಹಾಕಬೇಕು. ಬೆಸುಗೆ ಕಡ್ಡಿ, ಸೀಸದ ತಂತಿ ಎಲ್ಲ ಸೇರಿ 500. ಅಷ್ಟರಲ್ಲಿ ಮಳೆ ಹಿಡಿಯಿತು, ಟ್ಯಾಂಕಿಯೊಳಗಿನ ಸಂವೇದಕಕ್ಕೆ ತುಕ್ಕು ಬಂತು. ನೀರು ತಾಗಿದರೂ ಕೆಡದ ಬೇರೊಂದನ್ನು 450ಕ್ಕೆ ತಂದೆ, ಈ ಸಲ ರೆಸಿಸ್ಟರ್ ಮರೆಯಲಿಲ್ಲ. ಮೊದಲ ದಿನವೇ ಚಪ್ಪರ ಪಟಪಟಿಸಿತು. ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರವಿರುವುದು ಈ ಸಂವೇದಕಕ್ಕೆ ಕಾಣುವುದೇ ಇಲ್ಲ! ಅಂದರೆ ಟ್ಯಾಂಕಿ ತುಂಬುವ ಹೊತ್ತಿಗೆ ಸರಿಯಾಗಿ ಅದರ ಕಣ್ಣು ಮುಚ್ಚುತ್ತದೆ.

ಮುಚ್ಚಳ ಕೊರೆದು, ಮೇಲೊಂದು ದಪ್ಪ ಪೈಪ್ ನಿಲ್ಲಿಸಿ, ತುದಿಯಲ್ಲಿ ಸಂವೇದಕ ಕೂರಿಸಿದೆವು. ಈಗ ನಮ್ಮ ಟ್ಯಾಂಕಿ ಯಕ್ಷಗಾನದ ಕಿರೀಟ ಹೊತ್ತು ರಂಗಸ್ಥಳಕ್ಕೆ ಹೊರಟಂತಿದೆ. ಪಂಪನ್ನೂ ತಾನಾಗಿ ನಿಲ್ಲಿಸುವಂತೆ ಮಾಡಬಹುದು, ಆದರೆ ಇಎಸ್‌ಪಿ32ರ ಗತಿ ನೋಡಿದ ಅಮ್ಮ ಸ್ವಿಚ್ಚಿನ ಹತ್ತಿರ ನನ್ನನ್ನು ಬಿಡುವುದಿಲ್ಲ.

ಪುಸ್ತಕದ ಲೆಕ್ಕ: ಮೂರು ಬೋರ್ಡಿಗೆ 1650, ಪರಿವಾರಕ್ಕೆ 1600, ಒಟ್ಟು 3250. ಕೆಳಗೆ ಬೇರೆ ಶಾಯಿಯಲ್ಲಿ "ಬಸಳೆ: ಮನೆಯದೇ" ಎಂದಿದೆ.

ನಿನ್ನೆ ಕಚೇರಿಯಲ್ಲಿದ್ದಾಗ ಮೊಬೈಲಿಗೆ ಸಂದೇಶ ಬಂತು: ಟ್ಯಾಂಕಿ ತುಂಬಿತು. 43 ಬೈಟ್. ಅಮ್ಮನದು ಗುಂಡಿ ಒತ್ತುವ ಹಳೆಯ ಫೋನ್, ಆದ್ದರಿಂದ ನಾನೇ ಕರೆ ಮಾಡಿದೆ.

"ಪೈಪಿನ ಸದ್ದು ಬದಲಾಯಿತಲ್ಲ, ಆಗಲೇ ಬಂದ್ ಮಾಡಿದೆ" ಎಂದರು. "ನೀನು ಊಟ ಮಾಡಿದೆಯಾ?"