ಹೂಂ ಎಂದದ್ದೆಲ್ಲ ಒಪ್ಪಿಗೆಯಲ್ಲ

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಮತ್ತು ಶ್ರವಣ ವಿಷಯ ಓದುತ್ತಿದ್ದ ಕಾಲದಲ್ಲಿ, ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ಒಂದು ಬೇಸಿಗೆಯ ರಾತ್ರಿ ಹುಲ್ಲಿನ ಮೆದೆಯೊಂದು ಉರಿದು ಬೂದಿಯಾಯಿತು. ಮಾರನೆಯ ಬೆಳಿಗ್ಗೆ ನಮ್ಮ ಬೀದಿಯ ಹುಡುಗನೊಬ್ಬನನ್ನು ಅರಳಿಕಟ್ಟೆಯ ಮುಂದೆ ತಂದು ನಿಲ್ಲಿಸಿದರು. ಅವನಿಗೆ ಇಪ್ಪತ್ತು ತುಂಬಿದ್ದರೂ ಊರಿನವರು ಅವನನ್ನು ಹುಡುಗನೆಂದೇ ಕರೆಯುತ್ತಿದ್ದರು, ಬುದ್ಧಿ ಸಾಲದವನು ಎಂದೂ ಹೇಳುತ್ತಿದ್ದರು. ಆದರೆ ಅವನು ದನ ಕಾಯುತ್ತಿದ್ದ, ಅಂಗಡಿಯಿಂದ ಸಾಮಾನು ತರುತ್ತಿದ್ದ, ಎದುರಿಗೆ ಬಂದವರನ್ನೆಲ್ಲ ನಗುತ್ತ ಮಾತನಾಡಿಸುತ್ತಿದ್ದ. ಹೊಸಬರಿಗೆ ಅವನಲ್ಲಿ ಕೊರತೆಯೇನೂ ಕಾಣುತ್ತಿರಲಿಲ್ಲ.

"ನೀನೇ ಅಲ್ವೇನೋ ಬೆಂಕಿ ಇಟ್ಟಿದ್ದು?" ಎಂದು ಹಿರಿಯರೊಬ್ಬರು ಕೇಳಿದರು. "ಹೂಂ ಬುದ್ಧಿ" ಎಂದ. "ಬೀಡಿ ಹಚ್ಚಕ್ಕೆ ಹೋಗಿದ್ಯಾ?" "ಹೂಂ ಬುದ್ಧಿ." "ಬೇಕೂಂತ್ಲೇ ಇಟ್ಯಾ?" ಅದಕ್ಕೂ ಅದೇ ಉತ್ತರ. ಬೀಡಿ ಹಚ್ಚಲು ಹೋಗಿ ಆದ ಅಚಾತುರ್ಯಕ್ಕೂ ಬೇಕೆಂದೇ ಇಟ್ಟ ಬೆಂಕಿಗೂ ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ ಹೂಂ ಎಂದದ್ದನ್ನು ಅಲ್ಲಿದ್ದ ಯಾರೂ ಗಮನಿಸಲಿಲ್ಲ. "ನೀನಲ್ಲ ತಾನೇ?" ಎಂದು ಕೇಳಿದ್ದರೂ ಅವನು ಹೂಂ ಎನ್ನುತ್ತಿದ್ದ ಎಂಬುದು ನನಗೆ ಗೊತ್ತಿತ್ತು, ಏಕೆಂದರೆ ಆ ವರ್ಷವೇ ನಾವು ತರಗತಿಯಲ್ಲಿ ಅದನ್ನು ಓದಿದ್ದೆವು. ಗೊತ್ತಿದ್ದೂ ಹಿರಿಯರ ನಡುವೆ ಬಾಯಿ ಬಿಡಲಿಲ್ಲ. ಅವನ ಅಪ್ಪ ದಂಡ ಕಟ್ಟಿದರು. ಅಂದಿನಿಂದ ಅವನನ್ನು ಹೊರಗೆ ಬಿಡುವುದು ನಿಂತಿತು, ಕತ್ತಲಾದ ಮೇಲೆ ಕೋಣೆಗೆ ಚಿಲಕ ಬೀಳತೊಡಗಿತು. ಮೆದೆಗೆ ಬೆಂಕಿ ಬಿದ್ದದ್ದು ಹೇಗೆಂದು ಇಂದಿಗೂ ಯಾರಿಗೂ ತಿಳಿದಿಲ್ಲ.

ಈಗ ನಾನು ಇಂಗ್ಲೆಂಡಿನಲ್ಲಿ, ಬೌದ್ಧಿಕ ನ್ಯೂನತೆ ಇದ್ದು ಅಪರಾಧದ ಕಾರಣಕ್ಕೆ ನ್ಯಾಯಾಲಯದಿಂದ ಬಂದವರನ್ನು ನೋಡಿಕೊಳ್ಳುವ ಭದ್ರತಾ ಆಸ್ಪತ್ರೆಯೊಂದರಲ್ಲಿ ವಾಕ್ ಚಿಕಿತ್ಸಕನಾಗಿದ್ದೇನೆ. ಇಂಥ ಆರೈಕೆಯನ್ನು ಇಲ್ಲಿ ಫೊರೆನ್ಸಿಕ್ ಸೇವೆ ಎನ್ನುತ್ತಾರೆ. ರಜೆಗೆ ಊರಿಗೆ ಬಂದಾಗ ನನ್ನ ಕೆಲಸದ ಬಗ್ಗೆ ವಿವರಿಸಿದರೆ, "ಹುಚ್ಚಾಸ್ಪತ್ರೆಯೋ, ಜೈಲೋ?" ಎಂದು ಕೇಳುತ್ತಾರೆ. ಈ ಪ್ರಶ್ನೆಯಲ್ಲೇ ಎರಡು ಬೇರೆ ವಿಷಯಗಳು ಬೆರೆತುಹೋಗಿವೆ. ಮಾನಸಿಕ ಕಾಯಿಲೆ ಬರುತ್ತದೆ, ಔಷಧಿಯಿಂದ ಹಲವು ಬಾರಿ ಹತೋಟಿಗೂ ಬರುತ್ತದೆ. ಬೌದ್ಧಿಕ ನ್ಯೂನತೆ ಹುಟ್ಟಿನಿಂದ ಅಥವಾ ಬೆಳೆಯುವ ವಯಸ್ಸಿನಿಂದ ಜೊತೆಗಿರುವ ಸ್ಥಿತಿ. ಅದಕ್ಕೆ ಮಾತ್ರೆಯಿಲ್ಲ, ಕಲಿಸುವುದೊಂದೇ ದಾರಿ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿ, ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಅದು ಸರಿಯಾದ ತೀರ್ಮಾನವೆಂದು ನಾನು ನಂಬುತ್ತೇನೆ. ಆದರೆ ಒಬ್ಬನಲ್ಲೇ ಎರಡೂ ಇರಬಹುದು, ಜೊತೆಗೆ ಅಪಸ್ಮಾರವೋ ಆಟಿಸಂ ಸ್ಥಿತಿಯೋ ಸೇರಿಕೊಂಡಿರಬಹುದು. ಹಾಗಿರುವವನು ಠಾಣೆಯ ಮೆಟ್ಟಿಲು ಹತ್ತಿದಾಗ ಅವನನ್ನು ಯಾವ ಬಾಗಿಲಿಗೆ ಕಳಿಸಬೇಕೆಂಬುದು ಯಾರಿಗೂ ಗೊತ್ತಾಗದೆ ಉಳಿಯುತ್ತದೆ.

ತೊಂದರೆಗೆ ಹೆಚ್ಚಾಗಿ ಸಿಕ್ಕಿಕೊಳ್ಳುವವರು ತೀವ್ರ ನ್ಯೂನತೆಯವರಲ್ಲ. ಬುದ್ಧಿಮಟ್ಟದ ಅಳತೆಯಾದ ಐಕ್ಯು 50ರಿಂದ 69ರ ನಡುವೆ ಇರುವ, ಸೌಮ್ಯ ಎಂದು ವರ್ಗೀಕರಿಸಲಾದವರು. ಅವರು ನಡೆದಾಡುತ್ತಾರೆ, ದುಡಿಯುತ್ತಾರೆ, ಹರಟುತ್ತಾರೆ; ತಮಗೆ ಅರ್ಥವಾಗಿಲ್ಲ ಎಂಬುದನ್ನು ಮುಚ್ಚಿಡುವ ಕಲೆಯನ್ನು ಬಾಲ್ಯದ ಅವಮಾನಗಳಿಂದಲೇ ಕಲಿತಿರುತ್ತಾರೆ. ಎದುರಿಗಿರುವವರು ದೊಡ್ಡವರಾದಷ್ಟೂ ಅವರು ಬೇಗ ಒಪ್ಪುತ್ತಾರೆ. ನಮ್ಮ ಭಾಷೆಯ ಒಂದು ಗುಣವೂ ಇದಕ್ಕೆ ಸೇರಿಕೊಳ್ಳುತ್ತದೆ. ಅಜ್ಜಿ ಕಥೆ ಹೇಳುವಾಗ ಮಗು ಹೂಂಗುಟ್ಟುವುದು ಕಥೆ ನಿಜವೆಂದಲ್ಲ, ಕೇಳುತ್ತಿದ್ದೇನೆ ಎಂದು. ಕನ್ನಡದ ಹೂಂ ಎಂಬುದು ಎಷ್ಟೋ ಸಲ "ನಿಮ್ಮ ದನಿ ನನಗೆ ಕೇಳಿಸಿತು" ಎಂಬುದಷ್ಟೇ ಆಗಿರುತ್ತದೆ. ಅದೇ ಹೂಂ ಠಾಣೆಯ ಕಾಗದದ ಮೇಲೆ ಬಂದಾಗ "ಸ್ವ-ಇಚ್ಛಾ ಹೇಳಿಕೆ"ಯಾಗುತ್ತದೆ, ಕೊನೆಯಲ್ಲಿ "ಓದಿ ಹೇಳಲಾಗಿ ಸರಿಯಿದೆ" ಎಂಬ ಸಾಲು ಬರುತ್ತದೆ, ಅದರ ಕೆಳಗೆ ಹೆಬ್ಬೆಟ್ಟು ಬೀಳುತ್ತದೆ.

ಇಂಗ್ಲೆಂಡ್ ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. 1972ರಲ್ಲಿ ಲಂಡನ್ನಿನ ಕ್ಯಾಟ್‌ಫರ್ಡಿನಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೈಟ್ ಎಂಬುವರ ಕೊಲೆಯಾಗಿ, ಅವರಿದ್ದ ಮನೆಗೂ ಬೆಂಕಿ ಬಿದ್ದಿತ್ತು. ಮೂವರು ಹುಡುಗರು ತಪ್ಪೊಪ್ಪಿಕೊಂಡರೆಂದು ಅವರಿಗೆ ಶಿಕ್ಷೆಯಾಯಿತು. ಅವರಲ್ಲಿ ಹಿರಿಯನಿಗೆ 18 ವರ್ಷ, ಬೌದ್ಧಿಕ ನ್ಯೂನತೆ ಇತ್ತು. ಅವರ ಹೇಳಿಕೆಗಳ ಹೊರತು ಬಲವಾದ ಸಾಕ್ಷ್ಯ ಬೇರೇನೂ ಇರಲಿಲ್ಲ. 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪುಗಳನ್ನು ರದ್ದುಪಡಿಸಿತು. ಆಮೇಲೆ ನಡೆದ ವಿಚಾರಣೆ ಮತ್ತು ಚರ್ಚೆಗಳಿಂದ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ ಬಂತು. ಬೌದ್ಧಿಕ ನ್ಯೂನತೆ ಇರುವ ಆರೋಪಿಯನ್ನು ಪ್ರಶ್ನಿಸುವಾಗ ಪೊಲೀಸರಿಗೆ ಸೇರದ ಒಬ್ಬ ವಯಸ್ಕರು ಪಕ್ಕದಲ್ಲಿರಬೇಕೆಂಬ ನಿಯಮ ಅದರ ಅಡಿಯಲ್ಲಿ ಬಂತು. ಅವರು ವಕೀಲರಲ್ಲ. ತಾಯಿಯಾಗಬಹುದು, ಸಮಾಜ ಕಾರ್ಯಕರ್ತರಾಗಬಹುದು, ತರಬೇತಿ ಪಡೆದ ಸ್ವಯಂಸೇವಕರಾಗಬಹುದು. ಕೇಳಿದ್ದು ಅರ್ಥವಾಯಿತೇ ಎಂದು ನೋಡುವುದು, ಆಗದಿದ್ದಲ್ಲಿ ತಡೆಯುವುದು ಅವರ ಕೆಲಸ. ಹೀಗೆ ಸ್ವತಂತ್ರ ವ್ಯಕ್ತಿಯೊಬ್ಬರು ಇಲ್ಲದಾಗ ಪಡೆದ ತಪ್ಪೊಪ್ಪಿಗೆಯೇ ಪ್ರಕರಣದ ಮುಖ್ಯ ಆಧಾರವಾಗಿದ್ದರೆ, ಅದನ್ನು ನಂಬುವಲ್ಲಿ ವಿಶೇಷ ಎಚ್ಚರ ಬೇಕೆಂದು ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಗುಂಪಿಗೆ, ಹೇಳಲೇಬೇಕು.

ಇದನ್ನು ಊರಿನ ವಕೀಲ ಮಿತ್ರರೊಬ್ಬರಿಗೆ ಹೇಳಿದಾಗ ಅವರು, ನಮ್ಮಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯೇ ಇಲ್ಲವಲ್ಲ, ಆ ಎಚ್ಚರಿಕೆಯ ಅಗತ್ಯವೇನು ಎಂದು ಕೇಳಿದರು. ಅವರ ಮಾತು ಕಾನೂನಿನ ಪ್ರಕಾರ ನಿಜ. ಆದರೆ ಆರೋಪಿ ಹೇಳಿದ್ದರಿಂದ ಒಂದು ವಸ್ತು ಪತ್ತೆಯಾದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ಅದೂ ನಿಲ್ಲುತ್ತದೆ. ಅದಕ್ಕೂ ಮುಂಚೆ, ಹೂಂ ಎಂದವನ ಮೇಲೆ ತನಿಖೆಯ ದಿಕ್ಕು ನೆಟ್ಟುಹೋಗುತ್ತದೆ, ಬೇರೆ ಯಾರನ್ನೂ ಹುಡುಕುವುದಿಲ್ಲ, ಜಾಮೀನಿಗೆ ನಿಲ್ಲುವವರಿಲ್ಲದೆ ಅವನು ಒಳಗೇ ಉಳಿಯುತ್ತಾನೆ.

ನಮ್ಮ ಕಾನೂನಿನಲ್ಲಿ ಮೆಚ್ಚಬೇಕಾದ ಇನ್ನೊಂದು ಅಂಶವಿದೆ. ಮಾನಸಿಕ ಕಾಯಿಲೆಯಿಂದ ತನ್ನ ಪರ ವಾದಿಸಲಾರದ ಆರೋಪಿಯ ವಿಚಾರಣೆಯನ್ನು ಮುಂದೂಡುತ್ತಾರೆ. ಆದರೆ ಬೌದ್ಧಿಕ ನ್ಯೂನತೆಯೇ ಅದಕ್ಕೆ ಕಾರಣವಾದರೆ, ಗುಣವಾಗುವವರೆಗೆ ಕಾಯುವುದಕ್ಕೆ ಅರ್ಥವಿಲ್ಲವಾದ್ದರಿಂದ, ವಿಚಾರಣೆಯನ್ನೇ ಮುಕ್ತಾಯಗೊಳಿಸುವ ಅವಕಾಶವನ್ನು ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿ ಕಾಯ್ದೆ ಸೇರಿಸಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಬಿಡುಗಡೆ ಸಾಧ್ಯವಿಲ್ಲದಿದ್ದರೆ, ಆರೈಕೆಯ ಜೊತೆಗೆ ತಕ್ಕ ಶಿಕ್ಷಣ ಮತ್ತು ತರಬೇತಿ ಸಿಗುವ ವಸತಿ ಕೇಂದ್ರಕ್ಕೆ ಕಳಿಸಬಹುದು ಎಂದೂ ಅಲ್ಲಿದೆ. ಶಿಕ್ಷಣ, ತರಬೇತಿ ಎಂಬ ಎರಡು ಪದಗಳನ್ನು ಅಲ್ಲಿ ಬರೆದವರಿಗೆ ವಿಷಯ ಚೆನ್ನಾಗಿ ತಿಳಿದಿತ್ತು ಎನಿಸುತ್ತದೆ. ಮಂಡ್ಯದ ಮ್ಯಾಜಿಸ್ಟ್ರೇಟರೊಬ್ಬರು ನಾಳೆ ಬೆಳಿಗ್ಗೆ ಇಂಥ ಆದೇಶ ಬರೆಯಬೇಕಾದರೆ ಯಾವ ವಿಳಾಸ ಬರೆಯುತ್ತಾರೆ ಎಂಬುದೇ ಪ್ರಶ್ನೆ.

ಆದರೆ ಈ ರಕ್ಷಣೆಗಳೆಲ್ಲ ತೆರೆದುಕೊಳ್ಳುವುದು, ಇವನಿಗೆ ಬೌದ್ಧಿಕ ನ್ಯೂನತೆ ಇದೆ ಎಂದು ಯಾರಾದರೂ ಗುರುತಿಸಿದ ಮೇಲೆ. ಗುರುತಿಸುವವರು ಯಾರು? ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ವಿಕಲಚೇತನ ಮಹಿಳೆಯ ಹೇಳಿಕೆ ದಾಖಲಿಸುವಾಗ ವಿಶೇಷ ಶಿಕ್ಷಕರ ಅಥವಾ ಭಾಷಾಂತರಕಾರರ ನೆರವು ಇರಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು ನಮ್ಮ ಕ್ರಿಮಿನಲ್ ಕಾನೂನಿನ 2013ರ ತಿದ್ದುಪಡಿ ವಿಧಿಸಿತು. ಬಹಳ ಒಳ್ಳೆಯ ನಿಯಮ. ಅದೇ ನ್ಯೂನತೆ ಇರುವವನು ಆರೋಪಿಯ ಜಾಗದಲ್ಲಿ ನಿಂತಾಗ ಅವನ ಪಕ್ಕದಲ್ಲಿ ಆ ವಿಶೇಷ ಶಿಕ್ಷಕರು ಇರಲೇಬೇಕೆಂಬ ನಿಯಮವಿಲ್ಲ. ನೊಂದವರಿಗೆ ಅರ್ಥವಾಗದ ಪ್ರಶ್ನೆ ಆರೋಪಿಗೆ ಅರ್ಥವಾಗುತ್ತದೆಯೇ? ಇಂಗ್ಲೆಂಡ್ ಕೂಡ ಇಲ್ಲಿ ಎಡವಿದೆ. ನ್ಯಾಯಾಲಯದಲ್ಲಿ ಮಾತಿಗೆ ನೆರವಾಗುವ ಮಧ್ಯವರ್ತಿಗಳನ್ನು 1999ರ ಕಾಯ್ದೆ ತಂದದ್ದು ಸಾಕ್ಷಿಗಳಿಗಾಗಿ. ಆರೋಪಿಗೆ ಅದನ್ನು ಒದಗಿಸುವುದು ನ್ಯಾಯಾಧೀಶರ ವಿವೇಚನೆಗೆ ಉಳಿಯಿತು.

ಇಂಗ್ಲೆಂಡಿನದೆಲ್ಲ ಒಳ್ಳೆಯದೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಠಾಣೆಯಲ್ಲಿ ಅಷ್ಟು ಜೋಪಾನ ಮಾಡುವ ದೇಶ, ಆಮೇಲೆ ಜನರನ್ನು ಆಸ್ಪತ್ರೆಗಳಲ್ಲಿ ಇಟ್ಟು ಮರೆತಿದೆ. ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ನ್ಯೂನತೆಯವರನ್ನು ಸಿಬ್ಬಂದಿ ಹೊಡೆಯುತ್ತಿದ್ದದ್ದನ್ನು 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾ ತೋರಿಸಿತು. 11 ಮಂದಿಗೆ ಶಿಕ್ಷೆಯಾಯಿತು. ಅನಗತ್ಯವಾಗಿ ಆಸ್ಪತ್ರೆಯಲ್ಲಿರುವವರನ್ನು 2014ರ ಜೂನ್ ಹೊತ್ತಿಗೆ ಊರಿಗೆ ಮರಳಿಸುವುದಾಗಿ ಸರ್ಕಾರ ಮಾತು ಕೊಟ್ಟಿತು. ಅದಾಗಿ ಹತ್ತು ವರ್ಷದ ಮೇಲೂ ಬೌದ್ಧಿಕ ನ್ಯೂನತೆ ಅಥವಾ ಆಟಿಸಂ ಇರುವ ಸುಮಾರು 2000 ಮಂದಿ ಇಂಗ್ಲೆಂಡಿನ ಮಾನಸಿಕ ಆಸ್ಪತ್ರೆಗಳಲ್ಲಿದ್ದರು. ಕೇವಲ ಬೌದ್ಧಿಕ ನ್ಯೂನತೆಯ ಕಾರಣಕ್ಕೆ ಯಾರನ್ನೂ 28 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಸುಧಾರಣೆಯ ಮಸೂದೆ 2024ರ ನವೆಂಬರಿನಲ್ಲಿ ಸಂಸತ್ತಿಗೆ ಬಂತು. ನಾನು ನೋಡಿಕೊಳ್ಳುವವರಿಗೆ, ಅಂದರೆ ನ್ಯಾಯಾಲಯದ ಮೂಲಕ ಬಂದವರಿಗೆ, ಆ ಸುಧಾರಣೆಯ ಪ್ರಯೋಜನವಿಲ್ಲ. ಜೈಲಿನಲ್ಲಾದರೆ ಶಿಕ್ಷೆಗೆ ಸಾಮಾನ್ಯವಾಗಿ ಒಂದು ತಾರೀಖು ಇರುತ್ತದೆ. ನಿರ್ಬಂಧದೊಡನೆ ಆಸ್ಪತ್ರೆಗೆ ಕಳಿಸಿದವರಿಗೆ ತಾರೀಖಿಲ್ಲ, ನ್ಯಾಯ ಖಾತೆಯ ಸಚಿವರೋ ಟ್ರಿಬ್ಯೂನಲ್ಲೋ ಒಪ್ಪುವವರೆಗೂ ಅವರು ಅಲ್ಲೇ ಇರಬೇಕು. ಹತ್ತು ವರ್ಷ ಮೀರಿದವರೂ ಇದ್ದಾರೆ. ವಾರಾಂತ್ಯದಲ್ಲಿ ಎರಡು ರೈಲು ಬದಲಿಸಿ ಮಗನನ್ನು ನೋಡಲು ಬರುವ ವಯಸ್ಸಾದ ತಾಯಂದಿರನ್ನು ಕಂಡಾಗಲೆಲ್ಲ, ನಮ್ಮೂರಿನ ಆ ಮನೆಯ ಚಿಲಕ ನನಗೆ ನೆನಪಾಗುತ್ತದೆ. ಅಲ್ಲಿ ಕೋಣೆಗೆ ಬೀಗವಿದ್ದರೂ ಮುದ್ದೆ ಇಕ್ಕುವ ಕೈ ತಾಯಿಯದೇ ಆಗಿತ್ತು. ಆದರೂ ಬೀಗ ಬೀಗವೇ, ಅದನ್ನು ಪ್ರೀತಿಯ ಹೆಸರಿನಲ್ಲಿ ನಾನು ಸಮರ್ಥಿಸಲಾರೆ.

ಇಲ್ಲಿಂದ ನಾನು ಊರಿಗೆ ತರಬೇಕೆಂದುಕೊಳ್ಳುವುದು ಆ ಕಟ್ಟಡಗಳನ್ನಲ್ಲ, ಅವುಗಳ ಒಳಗೆ ನಡೆಯುವ ಕೆಲಸವನ್ನು. ಬೆಂಕಿ ಇಟ್ಟ ಒಬ್ಬನೊಂದಿಗೆ ನಾವು ವಾರಕ್ಕೆ ಎರಡು ಬಾರಿ, ಅದೇ ಗಂಟೆಗೆ, ಅದೇ ಕುರ್ಚಿಗಳಲ್ಲಿ, ಅರ್ಧ ಗಂಟೆ ಕೂರುತ್ತೇವೆ. ಬೆಂಕಿ ಇಡುವ ಮುಂಚಿನ ಗಂಟೆಯಲ್ಲಿ ಏನೇನಾಯಿತೆಂದು ಒಂದೊಂದೇ ಚಿತ್ರ ಬರೆದು ಸಾಲಾಗಿ ಜೋಡಿಸುತ್ತೇವೆ. ಸಿಟ್ಟು, ಹೆದರಿಕೆ, ಬೇಸರ ಎಂಬ ಮೂರು ಹೆಸರುಗಳನ್ನು ಬೇರೆಬೇರೆಯಾಗಿ ಹೇಳಲು ಕಲಿಯುವುದಕ್ಕೇ ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಹೇಳಲು ಬಂದ ದಿನದಿಂದ ಕಡ್ಡಿ ಗೀರುವ ಬದಲು ದಾದಿಯ ಬಳಿ ಬಂದು "ನಂಗೆ ಹೆದರಿಕೆ ಆಗ್ತಿದೆ" ಎನ್ನುವವರನ್ನು ನಾನು ನೋಡಿದ್ದೇನೆ. ಎಲ್ಲರಲ್ಲೂ ಹೀಗಾಗುವುದಿಲ್ಲ, ನಿಜಕ್ಕೂ ಇನ್ನೊಬ್ಬರಿಗೆ ಅಪಾಯ ಮಾಡಬಲ್ಲವರಿದ್ದಾರೆ, ಅವರಿಂದ ನೊಂದವರೂ ಇದ್ದಾರೆ, ಅಪಾಯ ಮಾಡಬಲ್ಲವರಿಗೆ ದೀರ್ಘಕಾಲದ ಕಾವಲು ಬೇಕೇ ಬೇಕು. ಗಲಾಟೆ ಅಡಗಿಸಲು ಕೊಡುತ್ತಿದ್ದ ಮನೋರೋಗದ ಮಾತ್ರೆಗಳನ್ನು ಕಡಿಮೆ ಮಾಡುವ ರಾಷ್ಟ್ರೀಯ ಪ್ರಯತ್ನವೂ ಇಲ್ಲಿ 2016ರಿಂದ ನಡೆದಿದೆ.

ಇದಕ್ಕೆ ಬೇಕಾದ ಜನ ಮೈಸೂರಿನಲ್ಲಿದ್ದಾರೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಮಧ್ಯವರ್ತಿಗಳಾಗುವವರಲ್ಲಿ ಬಹಳಷ್ಟು ಮಂದಿ ಅಂಥದೇ ಓದು ಓದಿದ ವಾಕ್ ಚಿಕಿತ್ಸಕರು. ಮೈಸೂರು, ಮಂಡ್ಯ ಎರಡೂ ನಗರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ವಿಕಲಚೇತನರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯೇ ಹೇಳಿರುವುದರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಇದು ಹೊರಗಿನ ಕೆಲಸವೇನಲ್ಲ. ಬುದ್ಧಿ ಪರೀಕ್ಷೆಗಳಲ್ಲಿ ಕನ್ನಡ ಹಿಂದುಳಿದ ಭಾಷೆಯೂ ಅಲ್ಲ. ಬಿನೆ ಎಂಬ ಬುದ್ಧಿ ಪರೀಕ್ಷೆಯನ್ನು 1930ರ ದಶಕದಲ್ಲೇ ವಿ. ವಿ. ಕಾಮತ್ ಎಂಬುವರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದ್ದರು. ಎರಡು ಜಿಲ್ಲೆಗಳಿಗೂ ಸೇರಿ ಇಪ್ಪತ್ತು ವಾಕ್ ಚಿಕಿತ್ಸಕರು ಮತ್ತು ವಿಶೇಷ ಶಿಕ್ಷಕರ ಒಂದು ಪಟ್ಟಿ, ಠಾಣೆಯಿಂದ ಕರೆ ಬಂದಾಗ ಸರದಿಯಂತೆ ಹೋಗುವ ಏರ್ಪಾಡು, ಅವರ ಓಡಾಟದ ಖರ್ಚು: ಮೊದಲಿಗೆ ಇಷ್ಟು ಸಾಕು.

ಆ ಪಟ್ಟಿಯವರ ಕೈಯಲ್ಲಿ ಮೊದಲು ಇರಬೇಕಾದದ್ದು ಸರಳ ಕನ್ನಡ. ಏನೂ ಹೇಳದೆ ಸುಮ್ಮನಿರಬಹುದು ಎಂದು ಇಂಗ್ಲೆಂಡಿನ ಪೊಲೀಸರು ಬಂಧಿಸುವಾಗ ಕೊಡುವ ಎಚ್ಚರಿಕೆಯನ್ನೇ ನಾನು ನೋಡಿಕೊಳ್ಳುವ ಹಲವರು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಅರ್ಥ ಕೇಳಿದರೆ ಸುಮ್ಮನಾಗುತ್ತಾರೆ. "ಸದರಿ ಆಪಾದನೆಯ ಸಂಬಂಧ ನಿನ್ನ ಹೇಳಿಕೆ ಏನು" ಎಂಬ ನಮ್ಮ ಕಚೇರಿಯ ಕನ್ನಡ ಅದಕ್ಕಿಂತ ಕಷ್ಟ. ಹಾಗಾಗಿ ಕಳೆದ ಯುಗಾದಿಗೆ ಬಂದಾಗ, ಮಂಡ್ಯದಲ್ಲಿ ವಿಶೇಷ ಶಿಕ್ಷಕಿಯಾಗಿರುವ ಗೆಳತಿಯೊಬ್ಬರ ಜೊತೆ ಕೂತು ಕೆಲವು ಸಾಲುಗಳನ್ನು ಬರೆದೆ. "ಇವರು ಪೊಲೀಸರು. ನಿನಗೆ ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಹೇಳಲು ಇಷ್ಟ ಇಲ್ಲದಿದ್ದರೆ ಸುಮ್ಮನಿರು. ಅವರು ಬೈಯುವ ಹಾಗಿಲ್ಲ. ಈಗ ನಾನು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು." ಕೊನೆಯ ಸಾಲು ಗೆಳತಿಯದು. "ಅರ್ಥ ಆಯ್ತಾ?" ಎಂದು ಬರೆದಿದ್ದೆ, ಅವರು ಅದನ್ನು ಹೊಡೆದುಹಾಕಿದರು, ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ ಎಂದರು. ಅವರ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಆ ಸಾಲುಗಳನ್ನು ಓದಿ, ಅವರು ತಿರುಗಿ ಹೇಳಿದ್ದನ್ನು ಬರೆದುಕೊಂಡೆವು. "ಅವರು ಬೈಯುವ ಹಾಗಿಲ್ಲ" ಎಂಬುದನ್ನು ಯಾರೂ ನಂಬಲಿಲ್ಲ. ಆ ಸಾಲನ್ನು ಇನ್ನೂ ತಿದ್ದುತ್ತಿದ್ದೇವೆ.