ಊರಿಗೇ ಟಿಕೆಟ್ ಇಟ್ಟ ಪುಣ್ಯಾತ್ಮರು

ಇಟಲಿಯ ವೆನಿಸ್‌ನೋರು ಬೆಳಿಗ್ಗೆ ಬಂದು ಸಂಜೆ ಹೋಗೋ ಪ್ರವಾಸಿಗರಿಗೆ ಊರೊಳಗೆ ಕಾಲಿಡೋಕೇ ಟಿಕೆಟ್ ಇಟ್ಟಿರೋ ಸುದ್ದಿ ನೀವೂ ಓದಿರ್ತೀರ. 2024ರಲ್ಲಿ ಐದು ಯೂರೋ ಇತ್ತು, 2025ರಲ್ಲಿ ಲೇಟಾಗಿ ಬುಕ್ ಮಾಡೋರಿಗೆ ಹತ್ತು. ಅದೂ ಸೀಸನ್ನಿನ ಆಯ್ದ ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಮಾತ್ರ. ನಾಲ್ಕರ ಮೇಲೆ ಫ್ರೀ, ಆಮೇಲೆ ಎಷ್ಟು ಜನ ನುಗ್ಗಿದ್ರೂ ಊರು ಮುಳುಗಲ್ಲ ಅನ್ಸುತ್ತೆ.

ನಾವು ಮಕ್ಕಳನ್ನ ಕಟ್ಕೊಂಡು ಮೆಸ್ತ್ರೆಲಿ ಉಳ್ಕೊಂಡಿದ್ವಿ, ಸೇತುವೆ ಆಚೆಗೆ, ಅದೂ ಅದೇ ಪಾಲಿಕೆಗೆ ಸೇರಿದ್ದು, ರೂಮ್ ಬಾಡಿಗೆ ಜೊತೆ ಟೂರಿಸ್ಟ್ ಟ್ಯಾಕ್ಸ್ ಕಟ್ಟಾಗಿತ್ತು, ಹಾಗೆ ರಾತ್ರಿ ಉಳಿಯೋರಿಗೆ ಎಂಟ್ರಿ ಫೀ ಇಲ್ಲ. ಆದ್ರೆ ಇಲ್ಲ ಅನ್ನೋದಕ್ಕೂ ಆನ್‌ಲೈನಲ್ಲಿ ಫಾರ್ಮ್ ತುಂಬಿ ಕ್ಯೂಆರ್ ಕೋಡ್ ತಗೋಬೇಕು. ಸೊನ್ನೆಗೂ ರಸೀದಿ! ನಮ್ಮ ತಾಲೂಕು ಆಫೀಸುಗಳಿಗೂ ಇಷ್ಟು ತಲೆ ಓಡಿರ್ಲಿಲ್ಲ ಬಿಡಿ.

ಇನ್ನು ಗೊಂಡೋಲಾ, ಅಂದ್ರೆ ಕಾಲುವೆಲಿ ಸುತ್ತಾಡಿಸೋ ಹುಟ್ಟುದೋಣಿ. ಹಗಲಲ್ಲಿ ಅರ್ಧ ಗಂಟೆಗೆ ಪಾಲಿಕೆ ರೇಟು 90 ಯೂರೋ. ಯುರೋಪಿಗೆ ಹೋಗೋಕೆ ಬೇಕಾದ ಶೆಂಗೆನ್ ವೀಸಾಗೆ ಒಬ್ಬರಿಗೆ ಕಟ್ಟೋದೂ 90, ರಿಜೆಕ್ಟ್ ಆದ್ರೆ ದುಡ್ಡು ಗೋವಿಂದ, ಗೊಂಡೋಲಾದೋನು ಒಂದು ಸುತ್ತಾದ್ರೂ ಹಾಕಿಸ್ತಾನೆ. ಮೊದಲು ಆರು ಜನ ಕೂರಬಹುದಿತ್ತು, 2020ರಲ್ಲಿ ಐದಕ್ಕೆ ಇಳಿಸಿದ್ರು, ಯಾಕಂದ್ರೆ ಪ್ರವಾಸಿಗರು ದಪ್ಪ ಆಗಿದಾರಂತೆ. "ಅಪ್ಪಾ, ನೀನು ಎಷ್ಟು ಜನದ ಲೆಕ್ಕ?" ಅಂತ ಮಗಳು ಕೇಳಿದ್ಲು. ಕೊನೆಗೆ ಎರಡು ಯೂರೋಗೆ ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ದಾಟಿಸೋ ಟ್ರಾಗೆಟ್ಟೊ ದೋಣಿ ಹತ್ತಿಸಿ, ಇದೂ ಗೊಂಡೋಲಾನೇ ಕಣಮ್ಮ ಅಂದೆ. ಸುಳ್ಳೇನಲ್ಲ, ಎರಡು ನಿಮಿಷದಲ್ಲಿ ಮುಗಿಯುತ್ತೆ ಅಷ್ಟೇ.

ನಗು ಸಾಕು. 1950ರ ಹೊತ್ತಿಗೆ ಆ ಹಳೇ ಊರಲ್ಲಿ 1,70,000ಕ್ಕೂ ಹೆಚ್ಚು ಜನ ಇದ್ರು, ಈಗ 50,000 ಕೂಡ ಇಲ್ಲ. ಮನೆ ಮನೇನೂ ಟೂರಿಸ್ಟ್‌ಗಳಿಗೆ ದಿನಬಾಡಿಗೆಗೆ ಹೋಗ್ತಿರುವಾಗ ಸುಮ್ನೆ ನೋಡ್ಕೊಂಡಿದ್ದು, ಈಗ ಬೆಳಿಗ್ಗೆ ಬಂದು ಸಂಜೆ ಹೋಗೋನೇ ಊರು ಹಾಳು ಮಾಡ್ತಿದಾನೆ ಅಂದ್ರೆ ಏನ್ರೀ ಅರ್ಥ? 2025ರ ಜೂನಲ್ಲಿ ಇಲ್ಲೇ ನಡೆದ ಅಮೆಜಾನ್ ಧಣಿ ಬೆಜೋಸ್ ಮದುವೆಗೆ ಪ್ರೈವೇಟ್ ಜೆಟ್ಟಲ್ಲಿ ಬಂದೋರು ಹೋಟೆಲಲ್ಲಿ ಉಳ್ಕೊಂಡಿದ್ರೆ ರೂಲ್ಸ್ ಪ್ರಕಾರ ಅವ್ರಿಗೆ ಫೀಸಿಲ್ಲ. ಇಟಲಿಯ ಇನ್ನೊಂದು ಊರು ಬೊಲೋನ್ಯಾದಿಂದ ಬುತ್ತಿ ಕಟ್ಕೊಂಡು ಟ್ರೈನಲ್ಲಿ ಬಂದೋನಿಗೆ ಉಂಟು, ಕಟ್ಟದೆ ಸಿಕ್ಕಿಬಿದ್ರೆ 50ರಿಂದ 300 ಯೂರೋ ದಂಡ. ಆ ಬುತ್ತೀನ ವೆನಿಸ್‌ನ ಮುಖ್ಯ ಚೌಕ ಸಾನ್ ಮಾರ್ಕೊದಲ್ಲಿ ನೆಲದ ಮೇಲೆ ಕೂತು ಬಿಚ್ಚಿದ್ರೆ ಅದಕ್ಕೆ ಬೇರೆ ದಂಡ.